ಸರ್ಕಾರಿ ಹಣದ ಕ್ಯಾನ್ಸರ್ ಪೇಟೆಂಟ್ ಒಂದೇ ಕಂಪನಿಯ ಪಾಲಾಗುವ ಮುನ್ನ: ಆಕ್ಷೇಪಣೆ ಸಲ್ಲಿಸುವ ಕ್ರಮ

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ (ಎನ್‌ಐಎಚ್) ತನ್ನ ಪ್ರಯೋಗಾಲಯಗಳಲ್ಲಿ ರೂಪುಗೊಂಡ ಕ್ಯಾನ್ಸರ್ ಚಿಕಿತ್ಸೆಯೊಂದರ ಪೇಟೆಂಟನ್ನು ಏಕಸ್ವಾಮ್ಯದ ಪರವಾನಗಿಯ ಮೂಲಕ ಒಂದೇ ಕಂಪನಿಗೆ ಒಪ್ಪಿಸಬೇಕಾದರೆ, ಕನಿಷ್ಠ 15 ದಿನ ಮೊದಲು ಸಾರ್ವಜನಿಕ ಪ್ರಕಟಣೆ ಹೊರಡಿಸಬೇಕು ಮತ್ತು ಆ ಅವಧಿಯೊಳಗೆ ಬಂದ ಅಭಿಪ್ರಾಯಗಳನ್ನೆಲ್ಲ ಪರಿಗಣಿಸಬೇಕು. ಇದು ಅಧಿಕಾರಿಗಳ ಔದಾರ್ಯವಲ್ಲ. ಅಮೆರಿಕ ಸಂಹಿತೆಯ 35ನೇ ಶೀರ್ಷಿಕೆಯ 209ನೇ ಕಲಮಿನ ಕಟ್ಟಳೆ. ಅಭಿಪ್ರಾಯ ಸಲ್ಲಿಸಲು ವಕೀಲರಾಗಿರಬೇಕಿಲ್ಲ, ಅಮೆರಿಕದ ಪ್ರಜೆಯೇ ಆಗಿರಬೇಕೆಂಬ ಷರತ್ತೂ ಆ ಕಲಮಿನಲ್ಲಿಲ್ಲ. ಆದ್ದರಿಂದ ಅಲ್ಲಿ ನೆಲೆಸಿರುವ ಕನ್ನಡಿಗರಿಗೆ ಮಾತ್ರವಲ್ಲ, ಬೆಂಗಳೂರಿನಲ್ಲಿಯೋ ಹುಬ್ಬಳ್ಳಿಯಲ್ಲಿಯೋ ಕುಳಿತು ರೋಗಿಗಳ ಸಂಘಟನೆ ನಡೆಸುವವರಿಗೂ ಔಷಧ ನೀತಿಯನ್ನು ಅಭ್ಯಾಸ ಮಾಡುವ ವಿದ್ಯಾರ್ಥಿಗಳಿಗೂ ಈ ಬಾಗಿಲು ತೆರೆದಿದೆ.

ಆರಂಭದಲ್ಲೇ ಒಂದು ಮಾತನ್ನು ನೇರವಾಗಿ ಹೇಳಿಬಿಡುವುದು ಒಳ್ಳೆಯದು. ಇಂಥ ಆಕ್ಷೇಪಣೆಯಿಂದ ಪರವಾನಗಿ ಪೂರ್ತಿಯಾಗಿ ನಿಂತುಹೋಗುತ್ತದೆಂದು ನಿರೀಕ್ಷಿಸುವವರಿಗೆ ಬಹುತೇಕ ನಿರಾಸೆಯೇ ಆಗುತ್ತದೆ. ಕಾನೂನಿನ ಹಿಡಿತ ನಿಜವಾಗಿ ಇರುವುದು ಏಕಸ್ವಾಮ್ಯ ಎಷ್ಟು ಅಗಲ, ಎಷ್ಟು ದೇಶಗಳಿಗೆ, ಎಷ್ಟು ವರ್ಷಗಳಿಗೆ ಎಂಬ ಪ್ರಶ್ನೆಯ ಮೇಲೆ. ಬರೆಯುವವರು ಆ ಪ್ರಶ್ನೆಗೆ ಅಂಟಿಕೊಂಡಷ್ಟೂ ಬರವಣಿಗೆಗೆ ಬಲ ಬರುತ್ತದೆ.

ಪೇಟೆಂಟ್ ಯಾರ ಒಡೆತನದಲ್ಲಿದೆ?

ಎಲ್ಲಕ್ಕಿಂತ ಮೊದಲು ಇತ್ಯರ್ಥವಾಗಬೇಕಾದ ವಿಷಯ ಇದು, ಏಕೆಂದರೆ ಮುಂದಿನ ದಾರಿ ಇಲ್ಲಿಯೇ ಕವಲೊಡೆಯುತ್ತದೆ. ಸರ್ಕಾರಿ ಹಣದಿಂದ ಹುಟ್ಟಿದ ಪೇಟೆಂಟುಗಳು ಎರಡು ಬಗೆಯವು. ಎನ್‌ಐಎಚ್‌ನ ಸ್ವಂತ ವಿಜ್ಞಾನಿಗಳು ಮೇರಿಲ್ಯಾಂಡ್‌ನ ಬೆಥೆಸ್ಡಾದಲ್ಲಿ ಕಂಡುಹಿಡಿದದ್ದರ ಒಡೆಯ ಸರ್ಕಾರವೇ ಆಗಿರುತ್ತದೆ. ಎನ್‌ಐಎಚ್‌ನ ಅನುದಾನ ಪಡೆದು ವಿಶ್ವವಿದ್ಯಾಲಯವೊಂದು ಕಂಡುಹಿಡಿದದ್ದಾದರೆ, 1980ರ ಬೈ-ಡೋಲ್ ಕಾಯ್ದೆಯ ಪ್ರಕಾರ ಒಡೆತನವನ್ನು ಆ ವಿಶ್ವವಿದ್ಯಾಲಯವೇ ಇಟ್ಟುಕೊಳ್ಳಬಹುದು. 15 ದಿನಗಳ ಪ್ರಕಟಣೆಯ ನಿಯಮ ಅನ್ವಯಿಸುವುದು ಮೊದಲನೆಯ ಬಗೆಗೆ ಮಾತ್ರ. ವಿಶ್ವವಿದ್ಯಾಲಯ ತನ್ನ ಪೇಟೆಂಟನ್ನು ಯಾರಿಗೆ ಕೊಟ್ಟಿತು, ಯಾವ ಷರತ್ತಿನ ಮೇಲೆ ಕೊಟ್ಟಿತು ಎಂಬುದು ಒಪ್ಪಂದ ಮುಗಿದ ಮೇಲೆಯೇ ಹೊರಗಿನವರಿಗೆ ತಿಳಿಯುವುದು, ಅದೂ ತಿಳಿದರೆ.

ಒಡೆತನವನ್ನು ಪತ್ತೆಹಚ್ಚಲು ಪೇಟೆಂಟಿನ ಪಠ್ಯವನ್ನೇ ತೆರೆಯಬೇಕು. ಅರ್ಜಿದಾರರ ಹೆಸರಿನ ಜಾಗದಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದ ಆರೋಗ್ಯ ಇಲಾಖೆಯ ಹೆಸರಿದ್ದರೆ ಅದು ಸರ್ಕಾರದ ಪೇಟೆಂಟು. ವಿಶ್ವವಿದ್ಯಾಲಯದ ಹೆಸರಿದ್ದು, ವಿವರಣೆಯ ಮೊದಲ ಪುಟಗಳಲ್ಲಿ ಈ ಆವಿಷ್ಕಾರ ಸರ್ಕಾರದ ಇಂಥ ಸಂಖ್ಯೆಯ ಅನುದಾನದ ನೆರವಿನಿಂದ ಆಗಿದೆ ಎಂಬ ಘೋಷಣೆಯಿದ್ದರೆ ಅದು ಎರಡನೆಯ ಬಗೆ. ಆ ಘೋಷಣೆ ಕಡ್ಡಾಯ. ಅದು ಕಾಣದಿದ್ದರೂ ಸಂಶೋಧಕರು ಪ್ರಕಟಿಸಿದ ಲೇಖನಗಳ ಕೊನೆಯಲ್ಲಿ ಅನುದಾನದ ಋಣಸ್ಮರಣೆ ಇದ್ದರೆ, ಘೋಷಣೆ ಏಕೆ ಬಿಟ್ಟುಹೋಯಿತೆಂದು ಕೇಳುವುದೇ ಒಂದು ಪ್ರತ್ಯೇಕ ಹೋರಾಟವಾಗಬಲ್ಲದು.

ಮೊದಲನೆಯ ಬಗೆಯಲ್ಲಿಯೂ ಒಂದು ಅಪವಾದವಿದೆ. ಕಂಪನಿಯೊಂದು ಎನ್‌ಐಎಚ್ ಜೊತೆ ಸಹಕಾರಿ ಸಂಶೋಧನಾ ಒಪ್ಪಂದ ಮಾಡಿಕೊಂಡು, ಆ ಒಪ್ಪಂದದ ಅಡಿಯಲ್ಲಿಯೇ ಆವಿಷ್ಕಾರ ಆಗಿದ್ದರೆ ಪ್ರಕಟಣೆಯ ನಿಯಮ ಅನ್ವಯಿಸುವುದಿಲ್ಲ. ರೋಗಿಯ ರಕ್ತದಲ್ಲಿನ ಟಿ ಕೋಶಗಳೆಂಬ ರಕ್ಷಣಾ ಕೋಶಗಳನ್ನು ಮಾರ್ಪಡಿಸಿ ಕ್ಯಾನ್ಸರಿನ ಮೇಲೆ ಬಿಡುವ ಕಾರ್-ಟಿ ಚಿಕಿತ್ಸೆಯ ಚರಿತ್ರೆಯಲ್ಲಿ ಇಂಥ ಒಪ್ಪಂದಗಳ ಪಾತ್ರ ದೊಡ್ಡದು. ಈ ಚಿಕಿತ್ಸೆಯ ಸಂಶೋಧಕ ಸ್ಟೀವನ್ ರೋಸೆನ್‌ಬರ್ಗ್ ಅವರ ತಂಡ ಕೆಲಸ ಮಾಡುತ್ತಿದ್ದ, ಎನ್‌ಐಎಚ್‌ನ ಭಾಗವಾದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯೊಂದಿಗೆ (ಎನ್‌ಸಿಐ) ಕೈಟ್ ಫಾರ್ಮಾ 2012ರಲ್ಲಿ ಅಂಥದೊಂದು ಒಪ್ಪಂದಕ್ಕೆ ಸಹಿ ಹಾಕಿತು. 2017ರಲ್ಲಿ ಗಿಲಿಯಡ್ ಆ ಕಂಪನಿಯನ್ನು ಸುಮಾರು 1,190 ಕೋಟಿ ಡಾಲರ್‌ಗೆ ಕೊಂಡುಕೊಂಡಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಕೈಟ್‌ನ ಕಾರ್-ಟಿ ಚಿಕಿತ್ಸೆ ಯೆಸ್ಕಾರ್ಟಾಗೆ ಅನುಮತಿ ದೊರೆತಾಗ ಒಬ್ಬ ರೋಗಿಗೆ ನಿಗದಿಯಾದ ಬೆಲೆ 3,73,000 ಡಾಲರ್.

ಪ್ರಕಟಣೆಯನ್ನು ಹಿಡಿಯುವುದು, ಓದುವುದು

ಪ್ರಕಟಣೆ ಬರುವುದು ಫೆಡರಲ್ ರಿಜಿಸ್ಟರ್‌ನಲ್ಲಿ. ಇದು ಕೆಲಸದ ದಿನಗಳಂದು ಹೊರಡುವ ಸರ್ಕಾರಿ ಗೆಜೆಟ್. ಅದರ ಜಾಲತಾಣದಲ್ಲಿ ‘ಪ್ರಾಸ್ಪೆಕ್ಟಿವ್ ಗ್ರಾಂಟ್ ಆಫ್ ಆನ್ ಎಕ್ಸ್‌ಕ್ಲೂಸಿವ್ ಪೇಟೆಂಟ್ ಲೈಸೆನ್ಸ್’ ಎಂಬ ಪದಗುಚ್ಛವನ್ನು ಇಂಗ್ಲಿಷಿನಲ್ಲಿ ಹುಡುಕಿ, ಆ ಹುಡುಕಾಟಕ್ಕೆ ಇ-ಮೇಲ್ ಸೂಚನೆ ಬರುವಂತೆ ಮಾಡಿಕೊಂಡರೆ ದಿನವೂ ಗೆಜೆಟ್ ತಿರುವಿಹಾಕುವ ಕಷ್ಟ ತಪ್ಪುತ್ತದೆ. 15 ದಿನಗಳ ಲೆಕ್ಕದಲ್ಲಿ ಶನಿವಾರ, ಭಾನುವಾರ, ಹಬ್ಬದ ರಜೆಗಳೆಲ್ಲ ಸೇರಿಹೋಗುತ್ತವೆ. ಕ್ರಿಸ್‌ಮಸ್‌ಗೆ ನಾಲ್ಕು ದಿನ ಮೊದಲು ಬಂದ ಪ್ರಕಟಣೆಗೆ ಉತ್ತರ ಬರೆಯಬೇಕಾದವರ ಪಾಡನ್ನು ಊಹಿಸಿಕೊಳ್ಳಬಹುದು. ಅಂಥ ಸಂದರ್ಭದಲ್ಲಿ ಅವಧಿ ವಿಸ್ತರಣೆಯನ್ನು ಮೊದಲ ದಿನವೇ ಲಿಖಿತವಾಗಿ ಕೇಳಬೇಕು. ಕೊಡಲೇಬೇಕೆಂಬ ನಿಯಮವಿಲ್ಲದಿದ್ದರೂ ಕೇಳಿದ್ದಕ್ಕೆ ದಾಖಲೆ ಉಳಿಯುತ್ತದೆ.

ಪ್ರಕಟಣೆ ಸಾಮಾನ್ಯವಾಗಿ ಒಂದೆರಡು ಪುಟ ಮೀರುವುದಿಲ್ಲ. ಅದರಲ್ಲಿ ಪೇಟೆಂಟ್ ಮತ್ತು ಅರ್ಜಿಗಳ ಸಂಖ್ಯೆಗಳು, ಪರವಾನಗಿ ಪಡೆಯಲಿರುವ ಕಂಪನಿಯ ಹೆಸರು ಮತ್ತು ಊರು, ಪರವಾನಗಿಯ ಪ್ರದೇಶ, ಬಳಕೆಯ ಕ್ಷೇತ್ರ, ಸಂಬಂಧಪಟ್ಟ ಅಧಿಕಾರಿಯ ವಿಳಾಸ ಇರುತ್ತವೆ. ಪ್ರದೇಶ ಎಂಬಲ್ಲಿ ಬಹಳ ಸಲ ‘ಜಗತ್ತಿನಾದ್ಯಂತ’ ಎಂಬ ಒಂದೇ ಪದವಿರುತ್ತದೆ. ಬಳಕೆಯ ಕ್ಷೇತ್ರದ ವಾಕ್ಯವನ್ನು ಮಾತ್ರ ಎರಡು ಮೂರು ಸಲ ಓದಬೇಕು. ನಿರ್ದಿಷ್ಟ ಪ್ರತಿಕಾಯವನ್ನು (ಗುರಿಯನ್ನು ಗುರುತಿಸಿ ಅಂಟಿಕೊಳ್ಳುವ ಪ್ರೋಟೀನನ್ನು) ಹೊತ್ತ, ರೋಗಿಯದೇ ಟಿ ಕೋಶಗಳನ್ನು ಬಳಸುವ, ಇಂಥ ರಕ್ತದ ಕ್ಯಾನ್ಸರಿನ ಚಿಕಿತ್ಸೆ ಎಂದಿದ್ದರೆ ಅದು ಇಕ್ಕಟ್ಟಾದ ಕ್ಷೇತ್ರ. ಇಂಥ ಪ್ರತಿಜನಕ (ಚಿಕಿತ್ಸೆ ಗುರಿಯಿಡುವ, ಕೋಶದ ಮೇಲಿನ ಗುರುತು) ಕಾಣಿಸಿಕೊಳ್ಳುವ ಮನುಷ್ಯರ ಎಲ್ಲ ಕ್ಯಾನ್ಸರುಗಳ ಚಿಕಿತ್ಸೆ ಎಂದಿದ್ದರೆ, ಕಂಪನಿ ಇನ್ನೂ ಕೈ ಹಾಕದ, ಬಹುಶಃ ಎಂದೂ ಹಾಕದ ರೋಗಗಳೂ ಅದರ ಬೀಗದೊಳಗೆ ಹೋಗುತ್ತವೆ.

ಕೊನೆಯ ಭಾಗದಲ್ಲಿ ಒಂದು ಸಿದ್ಧ ವಾಕ್ಯವಿರುತ್ತದೆ. 209ನೇ ಕಲಂ ಮತ್ತು ಅದರ ನಿಯಮಗಳಿಗೆ ಈ ಪರವಾನಗಿ ಹೊಂದುವುದಿಲ್ಲವೆಂದು ಸಾಬೀತುಪಡಿಸುವ ಲಿಖಿತ ಸಾಕ್ಷ್ಯ ಮತ್ತು ವಾದ 15 ದಿನಗಳೊಳಗೆ ಬಂದು ತಲುಪದಿದ್ದರೆ ಪರವಾನಗಿ ನೀಡಬಹುದು ಎಂಬುದು ಅದರ ಸಾರ. ಎಂದರೆ ಅವರು ಕೇಳುತ್ತಿರುವುದು ಸಾಕ್ಷ್ಯ ಮತ್ತು ವಾದ ಎರಡನ್ನೂ. ಇನ್ನೊಂದು ವಿಷಯ, ಲೆಕ್ಕಕ್ಕೆ ಬರುವುದು ಕಳುಹಿಸಿದ ದಿನವಲ್ಲ, ತಲುಪಿದ ದಿನ. ವಾಷಿಂಗ್ಟನ್ನಿನ ಗಡಿಯಾರ ನಮ್ಮದಕ್ಕಿಂತ ಬೇಸಿಗೆಯಲ್ಲಿ ಒಂಬತ್ತೂವರೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ಹಿಂದಿರುವುದು ಇಲ್ಲಿಂದ ಕಳುಹಿಸುವವರಿಗೆ ಅನುಕೂಲವೇ ಆದರೂ, ಕೊನೆಯ ದಿನದವರೆಗೆ ಕಾಯುವುದು ಜಾಣತನವಲ್ಲ. ಆಕ್ಷೇಪಣೆಗಳನ್ನು ಗೋಪ್ಯವಾಗಿಡುವುದಿಲ್ಲವೆಂದೂ ಪ್ರಕಟಣೆಯೇ ಹೇಳುತ್ತದೆ. ಆದ್ದರಿಂದ ರೋಗಿಯ ಖಾಸಗಿ ವೈದ್ಯಕೀಯ ವಿವರಗಳನ್ನು ಅಗತ್ಯಕ್ಕಿಂತ ಹೆಚ್ಚು ಬರೆಯಬಾರದು.

ಮೊದಲ ವಾರದ ಕೆಲಸ

ಪ್ರಕಟಣೆ ಕಂಡ ದಿನವೇ ಅದರಲ್ಲಿ ಹೆಸರಿಸಿದ ಅಧಿಕಾರಿಗೆ ಒಂದು ಚಿಕ್ಕ ಪತ್ರ ಬರೆದು ಪ್ರಶ್ನೆಗಳನ್ನು ಕೇಳಬೇಕು. ಈ ಆವಿಷ್ಕಾರ ಯಾವ ಹಂತದಲ್ಲಿದೆ, ಮನುಷ್ಯರ ಮೇಲಿನ ಪ್ರಯೋಗ ಆರಂಭವಾಗಿದೆಯೇ, ಅದಕ್ಕೆ ಸರ್ಕಾರ ಇದುವರೆಗೆ ಎಷ್ಟು ಖರ್ಚು ಮಾಡಿದೆ, ಏಕಸ್ವಾಮ್ಯವಿಲ್ಲದ ಪರವಾನಗಿಗೆ ಯಾರಾದರೂ ಅರ್ಜಿ ಹಾಕಿದ್ದರೇ, ಏಕಸ್ವಾಮ್ಯ ಬೇಕೆಂಬ ನಿರ್ಧಾರಕ್ಕೆ ಯಾವ ವಿಶ್ಲೇಷಣೆ ಆಧಾರ ಎಂಬುವು ಮುಖ್ಯ. ಕೆಲವಕ್ಕೆ ಉತ್ತರ ಬರುತ್ತದೆ, ಹಲವಕ್ಕೆ ಬರುವುದಿಲ್ಲ. ಬಾರದೆ ಉಳಿದ ಉತ್ತರವನ್ನೂ ಆಕ್ಷೇಪಣೆಯಲ್ಲಿ ದಿನಾಂಕ ಸಹಿತ ನಮೂದಿಸಬಹುದು.

ಉತ್ತರಕ್ಕೆ ಕಾಯುತ್ತ ಕೂರದೆ ಸಾರ್ವಜನಿಕ ದಾಖಲೆಗಳಿಂದ ತಾವೇ ಸಂಗ್ರಹಿಸಬಹುದಾದದ್ದು ಸಾಕಷ್ಟಿದೆ. ಅಮೆರಿಕದ ಕ್ಲಿನಿಕಲ್ ಪ್ರಯೋಗಗಳ ನೋಂದಣಿ ತಾಣದಲ್ಲಿ ಆ ಚಿಕಿತ್ಸೆಯ ಹೆಸರು ಅಥವಾ ಗುರಿಯಾದ ಪ್ರತಿಜನಕದ ಹೆಸರು ಕೊಟ್ಟು ಹುಡುಕಿದರೆ, ಪ್ರಯೋಗದ ಪ್ರಾಯೋಜಕರು ಯಾರು, ಎಷ್ಟು ರೋಗಿಗಳು, ಯಾವ ಹಂತ ಎಂಬುದೆಲ್ಲ ಸಿಗುತ್ತದೆ. ಪ್ರಾಯೋಜಕರ ಜಾಗದಲ್ಲಿ ಎನ್‌ಸಿಐ ಹೆಸರಿದ್ದರೆ ಅದನ್ನು ಮುದ್ರಿಸಿಟ್ಟುಕೊಳ್ಳಬೇಕು. ವಾದದ ಬೆನ್ನೆಲುಬು ಅದೇ. ಎನ್‌ಐಎಚ್‌ನ ರಿಪೋರ್ಟರ್ ಎಂಬ ಮಾಹಿತಿ ಕೋಶದಲ್ಲಿ ಯೋಜನೆಗಳಿಗೆ ವರ್ಷವಾರು ಹೋದ ಹಣದ ಮೊತ್ತವಿದೆ. ಕಂಪನಿಯ ಷೇರುಗಳು ಮಾರುಕಟ್ಟೆಯಲ್ಲಿದ್ದರೆ ಷೇರುಪೇಟೆ ನಿಯಂತ್ರಕರಿಗೆ ಅದು ಸಲ್ಲಿಸಿರುವ ವಾರ್ಷಿಕ ವರದಿಯನ್ನು ಓದಲೇಬೇಕು, ಏಕೆಂದರೆ ಹೂಡಿಕೆದಾರರ ಮುಂದೆ ಕಂಪನಿಗಳು ಆಡುವ ಮಾತಿಗೂ ಸರ್ಕಾರದ ಮುಂದೆ ತೋಡಿಕೊಳ್ಳುವ ಕಷ್ಟಕ್ಕೂ ಹಲವು ಸಲ ತಾಳೆಯಾಗುವುದಿಲ್ಲ.

ಆಕ್ಷೇಪಣೆಯ ಬರವಣಿಗೆ

ಪತ್ರ ಇಂಗ್ಲಿಷಿನಲ್ಲಿರಬೇಕು, ಪ್ರಕಟಣೆಯ ಶೀರ್ಷಿಕೆ, ಸಂಖ್ಯೆ, ದಿನಾಂಕಗಳನ್ನು ಮೊದಲ ಸಾಲಿನಲ್ಲಿಯೇ ಉಲ್ಲೇಖಿಸಬೇಕು, ಮತ್ತು ಇದು ಅಭಿಪ್ರಾಯ ಮಾತ್ರವಲ್ಲ, ಆಕ್ಷೇಪಣೆ ಎಂದು ಸ್ಪಷ್ಟವಾಗಿ ಹೇಳಬೇಕು. ಕೊನೆಯ ಸೂಚನೆಯ ಕಾರಣ ಮೇಲ್ಮನವಿಯ ವಿಷಯ ಬಂದಾಗ ತಿಳಿಯುತ್ತದೆ.

ವಾದದ ಚೌಕಟ್ಟನ್ನು ಕಲಮೇ ಕೊಡುತ್ತದೆ. ಏಕಸ್ವಾಮ್ಯ ಕೊಡಬೇಕಾದರೆ ಬಂಡವಾಳವನ್ನು ಸೆಳೆಯಲು ಅದು ಸಮಂಜಸ ಮತ್ತು ಅಗತ್ಯವಾದ ಪ್ರೋತ್ಸಾಹವಾಗಿರಬೇಕು. ಅದರಿಂದ ಸಾರ್ವಜನಿಕರಿಗೆ ಹಿತವಾಗಬೇಕು ಮತ್ತು ಏಕಸ್ವಾಮ್ಯದ ವ್ಯಾಪ್ತಿ ಆ ಪ್ರೋತ್ಸಾಹಕ್ಕೆ ಬೇಕಾದಷ್ಟನ್ನು ಮೀರಬಾರದು. ಕಂಪನಿ ಸಕಾಲದಲ್ಲಿ ಚಿಕಿತ್ಸೆಯನ್ನು ಬಳಕೆಗೆ ತರುವ ಹೊಣೆ ಹೊರಬೇಕು. ಪೈಪೋಟಿ ಗಣನೀಯವಾಗಿ ಕುಗ್ಗಬಾರದು. ವಿದೇಶಿ ಪೇಟೆಂಟುಗಳಿದ್ದರೆ ವಿದೇಶ ವ್ಯಾಪಾರದಲ್ಲಿ ಅಮೆರಿಕದ ಹಿತ ಹೆಚ್ಚಬೇಕು. ಈ ಐದನ್ನೂ ಸಮವಾಗಿ ಹಂಚಿಕೊಂಡು ಬರೆಯಬೇಕಾಗಿಲ್ಲ. ಮೊದಲೆರಡರ ಮೇಲೆ ಪುಟಗಳನ್ನು ಖರ್ಚು ಮಾಡಿ, ಉಳಿದವಕ್ಕೆ ಒಂದೊಂದು ಪ್ಯಾರಾ ಕೊಟ್ಟರೆ ಸಾಕು.

ಅಗತ್ಯದ ಪ್ರಶ್ನೆಯನ್ನು ಎತ್ತುವಾಗ ಪೇಟೆಂಟಿಲ್ಲದೆಯೂ ಕಂಪನಿಗೆ ದೊರೆಯುವ ರಕ್ಷಣೆಗಳನ್ನು ಪಟ್ಟಿ ಮಾಡಬೇಕು. ಕೋಶ ಚಿಕಿತ್ಸೆ ಜೈವಿಕ ಔಷಧವೆಂದು ಅನುಮತಿ ಪಡೆದರೆ ಅಮೆರಿಕದಲ್ಲಿ ಅದಕ್ಕೆ ಪೇಟೆಂಟಿನ ಹೊರತಾಗಿಯೇ ಔಷಧ ನಿಯಂತ್ರಣ ಕಾನೂನಿನಡಿ 12 ವರ್ಷಗಳ ಏಕಸ್ವಾಮ್ಯ ಸಿಗುತ್ತದೆ. ವಿರಳ ರೋಗದ ಔಷಧವಾದರೆ 7 ವರ್ಷಗಳ ಏಕಸ್ವಾಮ್ಯದ ಜೊತೆಗೆ ಅರ್ಹ ಕ್ಲಿನಿಕಲ್ ಪ್ರಯೋಗಗಳ ಖರ್ಚಿನ ಕಾಲುಭಾಗದಷ್ಟು ತೆರಿಗೆ ಜಮೆ (ಕಟ್ಟಬೇಕಾದ ತೆರಿಗೆಯಲ್ಲಿ ಕಡಿತ) ದೊರೆಯುತ್ತದೆ. ಇಷ್ಟೆಲ್ಲ ಇದ್ದ ಮೇಲೂ ಪೇಟೆಂಟಿನ ಏಕಸ್ವಾಮ್ಯ ಅದರ ಆಯುಷ್ಯವಿಡೀ ಏಕೆ ಬೇಕು ಎಂಬುದಕ್ಕೆ ಸಂಸ್ಥೆ ಲೆಕ್ಕ ಕೊಡಬೇಕು. ಅಪಾಯದ ಲೆಕ್ಕವೂ ಹಾಗೆಯೇ. ಯೆಸ್ಕಾರ್ಟಾಗೆ ಅನುಮತಿ ದೊರೆತದ್ದು 101 ರೋಗಿಗಳಿಗೆ ಚಿಕಿತ್ಸೆ ನೀಡಿದ, ಹೋಲಿಕೆಯ ಗುಂಪಿಲ್ಲದ ಒಂದು ಪ್ರಯೋಗದ ಆಧಾರದ ಮೇಲೆ. ಸಾವಿರಾರು ಜನರ ಮೇಲೆ ವರ್ಷಗಟ್ಟಲೆ ನಡೆಯುವ ಹೃದ್ರೋಗದ ಪ್ರಯೋಗಗಳ ಖರ್ಚನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ವಾದ ಇಲ್ಲಿಗೆ ಹೊಂದುವುದಿಲ್ಲ. ಮೊದಲ ಹಂತದ ಪ್ರಯೋಗವನ್ನು ಎನ್‌ಸಿಐ ಬೆಥೆಸ್ಡಾದಲ್ಲಿಯೇ ಮುಗಿಸಿಕೊಟ್ಟಿದ್ದರೆ, ಆ ಅಪಾಯವನ್ನು ತೆರಿಗೆದಾರರು ಆಗಲೇ ಹೊತ್ತಾಗಿದೆ.

ವ್ಯಾಪ್ತಿಯ ಬಗ್ಗೆ ಬರೆಯುವಾಗ ಭಾಷೆ ಹೇಗಿರಬೇಕೆಂಬುದಕ್ಕೆ ಒಂದು ಮಾದರಿ ಕೊಡಬಹುದು. ‘ಔಷಧ ಕಂಪನಿಗಳ ದುರಾಸೆಗೆ ಮಿತಿಯೇ ಇಲ್ಲ, ಈ ಪರವಾನಗಿ ಕೊಡಬೇಡಿ’ ಎಂದು ಬರೆದರೆ ಓದುವ ಅಧಿಕಾರಿಗೆ ಅದನ್ನು ಕಡತಕ್ಕೆ ಸೇರಿಸುವುದನ್ನು ಬಿಟ್ಟು ಬೇರೆ ಕೆಲಸ ಇರುವುದಿಲ್ಲ. ಅದರ ಬದಲು, ‘ಪ್ರಸ್ತಾಪಿತ ಬಳಕೆಯ ಕ್ಷೇತ್ರ ಎಲ್ಲ ಘನ ಗೆಡ್ಡೆಗಳನ್ನೂ ಒಳಗೊಂಡಿದೆ, ಕಂಪನಿಯ ನೋಂದಾಯಿತ ಪ್ರಯೋಗಗಳು ಲಿಂಫೋಮಾಗೆ ಮಾತ್ರ ಸಂಬಂಧಿಸಿವೆ, ಆದ್ದರಿಂದ ಘನ ಗೆಡ್ಡೆಗಳಿಗೆ ಏಕಸ್ವಾಮ್ಯ ಅಗತ್ಯಕ್ಕಿಂತ ಹೆಚ್ಚಿನದು, ಅದನ್ನು ಕ್ಷೇತ್ರದಿಂದ ತೆಗೆಯಬೇಕು’ ಎಂದು ಬರೆದರೆ ಅಧಿಕಾರಿ ಅದಕ್ಕೆ ಒಂದು ಉತ್ತರ ಕಂಡುಕೊಳ್ಳಲೇಬೇಕಾಗುತ್ತದೆ. ಎರಡನೆಯದರಲ್ಲಿ ಸಿಟ್ಟು ಕಡಿಮೆ ಇದೆ ಎಂದು ಯಾರಿಗಾದರೂ ಅನ್ನಿಸಿದರೆ, ಸಿಟ್ಟನ್ನು ಪತ್ರಿಕಾ ಹೇಳಿಕೆಗೆ ಉಳಿಸಿಕೊಳ್ಳಬಹುದು.

ಕೊನೆಯಲ್ಲಿ ಪರ್ಯಾಯ ಷರತ್ತುಗಳನ್ನು ಸೂಚಿಸಬೇಕು. ಸಾರ್ವಜನಿಕ ಹಿತಾಸಕ್ತಿಗಾಗಿ ದುಡಿಯುವ ವಾಷಿಂಗ್ಟನ್ನಿನ ನಾಲೆಜ್ ಇಕಾಲಜಿ ಇಂಟರ್‌ನ್ಯಾಷನಲ್ ಸಂಸ್ಥೆ ಇಂಥ ಹತ್ತಾರು ಪ್ರಕಟಣೆಗಳಿಗೆ ಸಲ್ಲಿಸಿರುವ ಆಕ್ಷೇಪಣೆಗಳಲ್ಲಿ ಮತ್ತೆ ಮತ್ತೆ ಬರುವ ಬೇಡಿಕೆಗಳು ಅನುಸರಿಸಲು ಯೋಗ್ಯವಾಗಿವೆ: ಅಮೆರಿಕದ ಬೆಲೆ ಇತರ ದೊಡ್ಡ ಶ್ರೀಮಂತ ಆರ್ಥಿಕತೆಗಳ ಮಧ್ಯಮ ಬೆಲೆಯನ್ನು ಮೀರಬಾರದು, ಮಾರಾಟದ ಆದಾಯ ನಿಗದಿತ ಮಟ್ಟ ದಾಟಿದ ಮೇಲೆ ಏಕಸ್ವಾಮ್ಯದ ವರ್ಷಗಳು ಇಳಿಯುತ್ತ ಹೋಗಬೇಕು, ತಲಾ ಆದಾಯ ಕಡಿಮೆಯಿರುವ ದೇಶಗಳಿಗೆ ಏಕಸ್ವಾಮ್ಯ ವಿಸ್ತರಿಸಬಾರದು, ಸಂಶೋಧನೆಗೆ ಕಂಪನಿ ಮಾಡಿದ ಖರ್ಚನ್ನು ಬಹಿರಂಗಪಡಿಸಬೇಕು. ಮೂರನೆಯದಕ್ಕೆ ಒಳ್ಳೆಯ ಪೂರ್ವನಿದರ್ಶನವೂ ಇದೆ. ಬಡ ದೇಶಗಳಿಗೆ ಅಗ್ಗದ ಔಷಧ ತಯಾರಾಗಲೆಂದು ಪೇಟೆಂಟ್ ಪರವಾನಗಿಗಳನ್ನು ಒಟ್ಟುಗೂಡಿಸುವ ಮೆಡಿಸಿನ್ಸ್ ಪೇಟೆಂಟ್ ಪೂಲ್‌ಗೆ 2010ರಲ್ಲಿ ಎಲ್ಲರಿಗಿಂತ ಮೊದಲು ಪರವಾನಗಿ ಕೊಟ್ಟದ್ದು ಇದೇ ಎನ್‌ಐಎಚ್, ಎಚ್‌ಐವಿ ಔಷಧವೊಂದರ ಪೇಟೆಂಟಿಗೆ. ಬೆಲೆಯ ಷರತ್ತಿನ ಇತಿಹಾಸ ಅಷ್ಟು ಸರಳವಲ್ಲ. ‘ಸಮಂಜಸ ಬೆಲೆ’ಯ ಷರತ್ತನ್ನು ಎನ್‌ಐಎಚ್ 1989ರಲ್ಲಿ ತಂದು, ಕಂಪನಿಗಳು ಸಹಯೋಗದಿಂದ ಹಿಂಜರಿಯುತ್ತಿವೆ ಎಂಬ ಕಾರಣ ನೀಡಿ 1995ರಲ್ಲಿ ಕೈಬಿಟ್ಟಿತು. ಈ ಉದಾಹರಣೆಯನ್ನು ಎದುರಿನವರು ಎತ್ತಿಯೇ ಎತ್ತುತ್ತಾರೆ. ತನ್ನ ಸ್ವಂತ ಪೇಟೆಂಟುಗಳಿಗೆ ಪರವಾನಗಿ ಪಡೆಯುವವರಿಂದ ಲಭ್ಯತೆಯ ಯೋಜನೆಯನ್ನು (ಚಿಕಿತ್ಸೆ ರೋಗಿಗಳ ಕೈಗೆಟುಕುವಂತೆ ಹೇಗೆ ಮಾಡುತ್ತಾರೆಂಬ ವಿವರವನ್ನು) ಕೇಳುವ ನೀತಿಯನ್ನು ಎನ್‌ಐಎಚ್ 2025ರ ಜನವರಿಯಲ್ಲಿ ಪ್ರಕಟಿಸಿದ್ದನ್ನು ಅದಕ್ಕೆ ಉತ್ತರವಾಗಿ ಇಡಬಹುದು.

ಪೈಪೋಟಿಯ ಅಂಶಕ್ಕೆ ಒಂದು ಉಪಯುಕ್ತ ಕಲಮಿದೆ. ಸರ್ಕಾರಿ ಸ್ವತ್ತನ್ನು ಖಾಸಗಿಯವರಿಗೆ ವಿಲೇವಾರಿ ಮಾಡುವ ಮುನ್ನ, ಅದರಿಂದ ಪೈಪೋಟಿಯ ಕಾನೂನಿಗೆ ಧಕ್ಕೆಯಾಗುವುದೇ ಎಂಬ ಬಗ್ಗೆ ಅಟಾರ್ನಿ ಜನರಲ್ ಅವರ ಸಲಹೆ ಪಡೆಯಬೇಕೆಂದು 40ನೇ ಶೀರ್ಷಿಕೆಯ 559ನೇ ಕಲಂ ಹೇಳುತ್ತದೆ. ಕಡಿಮೆ ಮೌಲ್ಯದ ಸ್ವತ್ತಿಗೆ ಅಲ್ಲಿರುವ ವಿನಾಯಿತಿ ಪೇಟೆಂಟುಗಳಿಗೆ ಇಲ್ಲ. ಸಲಹೆ ಪಡೆಯಲಾಗಿದೆಯೇ ಎಂದು ಒಂದು ಸಾಲಿನಲ್ಲಿ ಕೇಳಿಬಿಡಬೇಕು.

ಪಟ್ಟಿಯಲ್ಲಿ ಭಾರತವಿದ್ದರೆ

ಪ್ರಕಟಣೆಯಲ್ಲಿ ಕೊಟ್ಟ ಪೇಟೆಂಟುಗಳ ಪಟ್ಟಿಯಲ್ಲಿ ಭಾರತದ ಅರ್ಜಿ ಸಂಖ್ಯೆ ಇದ್ದರೆ ಇಲ್ಲಿಂದ ಇನ್ನೊಂದು ಕೆಲಸವನ್ನೂ ಮಾಡಬಹುದು. ನಮ್ಮ 1970ರ ಪೇಟೆಂಟ್ ಕಾಯ್ದೆಯ 25(1)ನೇ ಕಲಮಿನ ಪ್ರಕಾರ, ಪ್ರಕಟವಾದ ಅರ್ಜಿಗೆ ಪೇಟೆಂಟ್ ಸಿಗುವವರೆಗೆ ಯಾವ ವ್ಯಕ್ತಿಯಾದರೂ ವಿರೋಧ ಸಲ್ಲಿಸಬಹುದು. ರೋಗಿಗೆ ಚಿಕಿತ್ಸೆ ನೀಡುವ ವಿಧಾನಗಳಿಗೆ 3(ಐ) ಕಲಂ ಪೇಟೆಂಟನ್ನೇ ನಿರಾಕರಿಸುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕೇಂದ್ರದಲ್ಲಿ (ಯುಸಿಎಲ್‌ಎ) ಅಮೆರಿಕದ ಸರ್ಕಾರಿ ಅನುದಾನದ ನೆರವಿನಿಂದ ರೂಪುಗೊಂಡ, ಪ್ರಾಸ್ಟೇಟ್ ಕ್ಯಾನ್ಸರಿನ ಔಷಧ ಎನ್ಜಾಲುಟಮೈಡ್‌ಗೆ ಭಾರತದ ಪೇಟೆಂಟ್ ಕಚೇರಿ 2016ರಲ್ಲಿ ಪೇಟೆಂಟ್ ನಿರಾಕರಿಸಿದ್ದು ಇಂಥ ವಿರೋಧಗಳ ವಿಚಾರಣೆಯ ನಂತರವೇ.

ಜಗತ್ತಿನಾದ್ಯಂತದ ಏಕಸ್ವಾಮ್ಯ ಇಲ್ಲಿಗೆ ಏಕೆ ಸಂಬಂಧಿಸುತ್ತದೆ ಎಂದು ಆಕ್ಷೇಪಣೆಯಲ್ಲಿ ವಿವರಿಸುವುದಾದರೆ ಉದಾಹರಣೆಗಳು ಕೈಯಳತೆಯಲ್ಲಿವೆ. ಐಐಟಿ ಬಾಂಬೆ ಮತ್ತು ಟಾಟಾ ಸ್ಮಾರಕ ಆಸ್ಪತ್ರೆಯ ಸಹಯೋಗದಲ್ಲಿ ಬೆಳೆದ ನೆಕ್ಸ್‌ಕಾರ್19 ಎಂಬ ಕಾರ್-ಟಿ ಚಿಕಿತ್ಸೆಗೆ 2023ರಲ್ಲಿ ಅನುಮತಿ ದೊರೆಯಿತು. ಬೆಂಗಳೂರಿನ ಇಮ್ಯುನೀಲ್ ಕಂಪನಿ 2025ರಲ್ಲಿ ಬಿಡುಗಡೆ ಮಾಡಿದ ಕಾರ್ಟೆಮಿ ಚಿಕಿತ್ಸೆಯ ಮೂಲ ಬಾರ್ಸಿಲೋನಾದ ಸಾರ್ವಜನಿಕ ಆಸ್ಪತ್ರೆಯೊಂದರಲ್ಲಿದೆ. ಕಡಿಮೆ ಖರ್ಚಿನಲ್ಲಿ ಇಂಥ ಚಿಕಿತ್ಸೆ ತಯಾರಿಸುವ ಶಕ್ತಿ ಇಲ್ಲಿದೆ ಎಂಬುದಕ್ಕೆ ಇವು ಸಾಕ್ಷಿ. ಹೊಸ ಗುರಿಗಳ ಪೇಟೆಂಟಿಗೆ ಭಾರತವೂ ಸೇರಿದ ಏಕಸ್ವಾಮ್ಯ ಬಿದ್ದರೆ ಆ ಶಕ್ತಿಗೆ ಕಡಿವಾಣ ಬೀಳುತ್ತದೆ.

ಆಕ್ಷೇಪಣೆ ತಿರಸ್ಕೃತವಾದ ಮೇಲೆ

ಮೇಲ್ಮನವಿಗೆ ಅವಕಾಶವಿರುವುದು ಮೂರು ಬಗೆಯವರಿಗೆ: ಪರವಾನಗಿಯ ಅರ್ಜಿ ನಿರಾಕೃತವಾದವರು, ತಮ್ಮ ಪರವಾನಗಿಯ ಬದಲಾವಣೆ ಅಥವಾ ರದ್ದತಿಗೆ ಒಳಗಾದವರು, ಮತ್ತು ಸಕಾಲದಲ್ಲಿ ಲಿಖಿತ ಆಕ್ಷೇಪಣೆ ಸಲ್ಲಿಸಿ, ಈ ಕ್ರಮದಿಂದ ತಮಗೆ ಹಾನಿಯಾಗಬಹುದೆಂದು ಸಂಸ್ಥೆಗೆ ಮನದಟ್ಟು ಮಾಡಿಕೊಡಬಲ್ಲವರು. ಸಾರ್ವಜನಿಕ ಹಿತಾಸಕ್ತಿಯ ಸಂಘಟನೆಗಳು ಎಡವುವುದು ಈ ಹಾನಿಯ ಪ್ರಶ್ನೆಯಲ್ಲಿಯೇ. 2017ರ ಕೊನೆಯಲ್ಲಿ ಸಿಡಿ30 ಎಂಬ ಗುರಿಯ ಕಾರ್-ಟಿ ಪೇಟೆಂಟನ್ನು ಕೈಟ್‌ಗೆ ಕೊಡುವ ಪ್ರಸ್ತಾಪ ಬಂದಾಗ ನಾಲೆಜ್ ಇಕಾಲಜಿ ಇಂಟರ್‌ನ್ಯಾಷನಲ್ ಆಕ್ಷೇಪಿಸಿತು, ನಂತರ 2018ರಲ್ಲಿ ಮೇರಿಲ್ಯಾಂಡ್‌ನ ಫೆಡರಲ್ ಜಿಲ್ಲಾ ನ್ಯಾಯಾಲಯದಲ್ಲಿ ಎನ್‌ಐಎಚ್ ವಿರುದ್ಧ ದಾವೆ ಹೂಡಿತು. 559ನೇ ಕಲಮಿನ ಪ್ರಶ್ನೆಯೂ ಅದರಲ್ಲಿತ್ತು. ಆದರೆ ದಾವೆ ಹೂಡುವ ಅರ್ಹತೆ ಸಾಬೀತಾಗಲಿಲ್ಲವೆಂದು 2019ರಲ್ಲಿ ಅದು ವಜಾ ಆಯಿತು. ಪರವಾನಗಿ ಸರಿಯೋ ತಪ್ಪೋ ಎಂಬ ವಿಚಾರದವರೆಗೆ ಪ್ರಕರಣ ಹೋಗಲೇ ಇಲ್ಲ.

ಆದ್ದರಿಂದ ಹಾನಿಯ ನೆಲೆಯನ್ನು ಮೊದಲ ಪತ್ರದಲ್ಲಿಯೇ ಹಾಕಿರಬೇಕು. ಅದೇ ಕ್ಯಾನ್ಸರಿನ ರೋಗಿಯೊಬ್ಬರು ಸಂಘಟನೆಯ ಸದಸ್ಯರಾಗಿದ್ದು, ತಮ್ಮ ವಿಮೆಯ ಸ್ಥಿತಿ ಮತ್ತು ಚಿಕಿತ್ಸೆಯ ಅಗತ್ಯವನ್ನು ಸ್ವಇಚ್ಛೆಯಿಂದ ಪ್ರಮಾಣಪತ್ರದಲ್ಲಿ ಹೇಳಲು ಒಪ್ಪಿದರೆ ಬಲ ಬರುತ್ತದೆ. ಅದಕ್ಕಿಂತ ಗಟ್ಟಿಯಾದ ದಾರಿ ಎಂದರೆ ಆ ತಂತ್ರಜ್ಞಾನವನ್ನು ಬಳಸಲು ಸಿದ್ಧವಿರುವ ಪ್ರಯೋಗಾಲಯ ಅಥವಾ ಆಸ್ಪತ್ರೆಯೊಂದು ಅದೇ 15 ದಿನಗಳೊಳಗೆ ಏಕಸ್ವಾಮ್ಯವಿಲ್ಲದ ಪರವಾನಗಿಗೆ ಪೂರ್ಣ ಅರ್ಜಿ ಹಾಕುವುದು. ಅಂಥ ಅರ್ಜಿಯನ್ನು ಆಕ್ಷೇಪಣೆಯೆಂದೇ ಪರಿಗಣಿಸಲಾಗುತ್ತದೆ, ಮತ್ತು ನಿರಾಕೃತನಾದ ಅರ್ಜಿದಾರನಿಗೆ ಮೇಲ್ಮನವಿಯ ಹಕ್ಕಿನ ಬಗ್ಗೆ ವಿವಾದವಿಲ್ಲ.

ಪೇಟೆಂಟ್ ವಿಶ್ವವಿದ್ಯಾಲಯದ್ದಾಗಿದ್ದರೆ ಉಳಿಯುವುದು 35ನೇ ಶೀರ್ಷಿಕೆಯದೇ 203ನೇ ಕಲಮಿನ ‘ಮಾರ್ಚ್-ಇನ್’ ಅಧಿಕಾರ, ಎಂದರೆ ಬೇರೆಯವರಿಗೂ ಪರವಾನಗಿ ಕೊಡಿಸುವ ಸರ್ಕಾರದ ಹಕ್ಕು. ಎನ್‌ಐಎಚ್ ಅದನ್ನು ಒಮ್ಮೆಯೂ ಚಲಾಯಿಸಿಲ್ಲ. ಎಕ್ಸ್‌ಟಾಂಡಿ ಎಂಬ ಹೆಸರಿನಲ್ಲಿ ಮಾರಾಟವಾಗುವ ಎನ್ಜಾಲುಟಮೈಡ್‌ಗೆ ಸಂಬಂಧಿಸಿದ ಅರ್ಜಿಗಳು 2016ರಲ್ಲಿಯೂ 2023ರ ಮಾರ್ಚಿನಲ್ಲಿಯೂ ತಿರಸ್ಕೃತವಾದವು. ಔಷಧ ಮಾರುಕಟ್ಟೆಯಲ್ಲಿ ಧಾರಾಳವಾಗಿ ಸಿಗುತ್ತಿದೆ, ಪೇಟೆಂಟಿನ ಆಯುಷ್ಯವೂ ಹೆಚ್ಚು ಉಳಿದಿಲ್ಲ ಎಂಬುದು ಎರಡನೆಯ ಸಲದ ಉತ್ತರ. ಅಷ್ಟರಲ್ಲಿ ಯುಸಿಎಲ್‌ಎ ಮತ್ತು ಸಹ ಹಕ್ಕುದಾರರು ತಮ್ಮ ರಾಯಧನದ ಹಕ್ಕನ್ನು 114 ಕೋಟಿ ಡಾಲರ್‌ಗೆ ಮಾರಿಯಾಗಿತ್ತು. ಈ ದಾರಿಯನ್ನು ಹಿಡಿಯುವವರು ಪೇಟೆಂಟಿಗೆ ಇನ್ನೂ ಹತ್ತು ವರ್ಷಕ್ಕಿಂತ ಹೆಚ್ಚು ಆಯುಷ್ಯ ಇರುವಾಗಲೇ ಅರ್ಜಿ ಹಾಕುವುದು ಲೇಸು.

ಸರ್ಕಾರದ ಪೇಟೆಂಟಿಗೆ ಪರವಾನಗಿ ಕೊಟ್ಟಾದ ಮೇಲೆಯೂ ಕಡತ ಮುಚ್ಚಬಾರದು. ಮಾಹಿತಿ ಸ್ವಾತಂತ್ರ್ಯ ಕಾಯ್ದೆಯ ಅಡಿಯಲ್ಲಿ ಒಪ್ಪಂದದ ಪ್ರತಿಯನ್ನು ಯಾವ ದೇಶದವರಾದರೂ ಕೇಳಬಹುದು, ಸಾರ್ವಜನಿಕ ಹಿತದ ಕಾರಣ ಕೊಟ್ಟು ಶುಲ್ಕ ವಿನಾಯಿತಿಯನ್ನೂ ಕೋರಬಹುದು. ಕಂಪನಿಯ ಅಭಿವೃದ್ಧಿ ಯೋಜನೆ ಗೋಪ್ಯವೆಂದು ಕಾನೂನೇ ಹೇಳುವುದರಿಂದ ಬರುವ ಪ್ರತಿಯಲ್ಲಿ ಕಪ್ಪು ಪಟ್ಟಿಗಳಿರುತ್ತವೆ. ಆದರೂ ಪರವಾನಗಿಯ ದಿನಾಂಕ, ಕ್ಷೇತ್ರ, ಪ್ರದೇಶ, ರದ್ದತಿಯ ಷರತ್ತುಗಳು ಉಳಿಯಬಹುದು. ಚಿಕಿತ್ಸೆಯನ್ನು ಬಳಕೆಗೆ ತರುವ ಮಾತನ್ನು ಕಂಪನಿ ಉಳಿಸಿಕೊಳ್ಳದಿದ್ದರೆ ಪರವಾನಗಿಯನ್ನು ರದ್ದುಪಡಿಸುವ ಅಧಿಕಾರ ಸಂಸ್ಥೆಗಿದೆ. ವರ್ಷಕ್ಕೊಮ್ಮೆ ಪ್ರಯೋಗಗಳ ನೋಂದಣಿ ತಾಣವನ್ನು ತೆರೆದು, ಏಕಸ್ವಾಮ್ಯದ ಕ್ಷೇತ್ರದಲ್ಲಿದ್ದೂ ಒಂದು ಪ್ರಯೋಗವೂ ಶುರುವಾಗದ ಕ್ಯಾನ್ಸರುಗಳನ್ನು ಗುರುತಿಸಿ, ಅಷ್ಟರಮಟ್ಟಿಗೆ ಕ್ಷೇತ್ರವನ್ನು ಹಿಂಪಡೆಯಿರಿ ಎಂದು ಎನ್‌ಐಎಚ್‌ಗೆ ಪತ್ರ ಬರೆಯುತ್ತಿರಬೇಕು.